ಮುತ್ತಲಕೊಪ್ಪದ ಆಗಬೋಟು

೧೯೬೧ನೆಯ ಇಸವಿಯ ಜೂನ್ ತಿಂಗಳಲ್ಲಿ ಶಿರಸಿ ತಾಲೂಕಿನ ಮುತ್ತಲಕೊಪ್ಪ ಗ್ರಾಮದಲ್ಲಿ ಸುಳ್ಳು ಸುದ್ದಿಯ ತೀವ್ರ ಅಭಾವ ತಲೆದೋರಿತು.

ಅದಕ್ಕೂ ಆರು ತಿಂಗಳ ಹಿಂದೆ ಅಂಥದೊಂದು ಕೊರತೆ ತಮಗಿದೆಯೆಂದು ಊರವರಿಗೆ ಗೊತ್ತಿರಲಿಲ್ಲ. ಬನವಾಸಿಯ ಈಚೆಗಿರುವ ಆ ಊರಿಗೆ ಹುಬ್ಬಳ್ಳಿಯ ದಿನಪತ್ರಿಕೆ ಮೂರನೆಯ ದಿನ ಬಸ್ಸಿನಲ್ಲಿ ಬರುತ್ತಿತ್ತು. ಪಂಚಾಯತಿ ಕಟ್ಟೆಯ ಮೇಲೆ ಒಬ್ಬರು ಓದುವರು, ಹತ್ತು ಮಂದಿ ಕೇಳುವರು, ಬೇಕಾದ್ದನ್ನು ನಂಬಿ ಬೇಡವಾದ್ದನ್ನು ಅಲ್ಲೇ ಬಿಟ್ಟು ಮನೆಗೆ ಹೋಗುವರು. ಈ ಅವ್ಯವಸ್ಥೆ ಸರಕಾರದ ಗಮನಕ್ಕೆ ಬಂದದ್ದು ಜನವರಿಯಲ್ಲಿ. ಶಿರಸಿಯಲ್ಲಿದ್ದ ‘ಗ್ರಾಮ ತಿಳಿವಳಿಕೆ ವಿಸ್ತರಣಾ ಕಚೇರಿ’ಯು ಊರಿಗೊಂದು ‘ತರುಣರ ವಾರ್ತಾ ವಿವೇಕ ಮಂಡಳಿ’ ಸ್ಥಾಪಿಸತಕ್ಕದ್ದೆಂದು ಸುತ್ತೋಲೆ ಹೊರಡಿಸಿತು. ತರುಣ ತರುಣಿಯರಿಗೆ ಪತ್ರಿಕೆ ಓದುವ ಬಗೆ, ರೇಡಿಯೊ ಕೇಳುವ ಬಗೆ, ನಿಜ ಸುಳ್ಳುಗಳನ್ನು ಬೇರ್ಪಡಿಸುವ ಬಗೆ ಕಲಿಸುವುದು ಅದರ ಉದ್ದೇಶ. ರೇಡಿಯೊ ಬರಲಿಲ್ಲ. ಅದನ್ನು ಕೇಳುವ ಬಗೆಗಿನ ಕೈಪಿಡಿ ಬಂತು.

ಪಂಚಾಯತಿಯ ಅಧ್ಯಕ್ಷರೂ ಕಾಳಿನ ಅಂಗಡಿಯ ಸಾವಕಾರರೂ ಆದ ಪರಮೇಶ್ವರಪ್ಪನವರು ಮಂಡಳಿಗೂ ಅಧ್ಯಕ್ಷರಾದರು. ಶಿಕ್ಷಕಿಯಾಗಿ ಪರಿಮಳಾ ನೇಮಕವಾದಳು. ಇಪ್ಪತ್ತು ವರ್ಷದ ಹುಡುಗಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿದ್ದಳು, ಅಕ್ಷರ ದುಂಡಗಿತ್ತು. ತಂದೆಯಿಲ್ಲ. ತಾಯಿ ಮುರಿಗೆವ್ವ ಹಿತ್ತಿಲಲ್ಲಿ ಬದನೆ, ಮೆಣಸು ಬೆಳೆದು ಸಂತೆಯ ದಿನ ಬಸ್ಸಿನಲ್ಲಿ ಬನವಾಸಿಗೆ ಒಯ್ದು ಮಾರುತ್ತಿದ್ದಳು. ಮಂಡಳಿಯಲ್ಲಿ ಸಂಬಳವಿಲ್ಲ. ಆದರೆ ಒಂದು ವರ್ಷ ತೃಪ್ತಿಕರವಾಗಿ ದುಡಿದರೆ ಧಾರವಾಡದ ಶಿಕ್ಷಕಿಯರ ತರಬೇತಿಗೆ ಕಚೇರಿಯಿಂದ ಶಿಫಾರಸು ಸಿಗುತ್ತದೆಂಬ ಭರವಸೆ ಇತ್ತು. ಪರಿಮಳಾ ಆ ಒಂದು ಭರವಸೆಯ ಮೇಲೆ ಕೈಪಿಡಿಯನ್ನು ಬಾಯಿಪಾಠ ಮಾಡಿದ್ದಳು.

ಮಂಡಳಿಯ ಸದಸ್ಯರು ಇಪ್ಪತ್ತು ಮಂದಿ. ನಿಯಮದ ಪ್ರಕಾರ ಪ್ರತಿ ಸದಸ್ಯನೂ ಮೂರು ತಿಂಗಳಿಗೆ ಒಂದಾದರೂ ಸುಳ್ಳು ಸುದ್ದಿಯನ್ನು ಪತ್ತೆಹಚ್ಚಿ ನಮೂನೆ ‘ಕ’ದಲ್ಲಿ ವರದಿ ಮಾಡಬೇಕು. ಏಪ್ರಿಲಿನಲ್ಲಿ ಒಳ್ಳೆಯ ಅವಕಾಶ ಒದಗಿತ್ತು. ರಷ್ಯದವರು ಒಬ್ಬ ಮನುಷ್ಯನನ್ನು ಆಕಾಶಕ್ಕೆ ಕಳಿಸಿ, ಭೂಮಿಗೆ ಒಂದು ಸುತ್ತು ಹಾಕಿಸಿ, ಜೀವಸಹಿತ ಕೆಳಗಿಳಿಸಿದರೆಂದು ಪತ್ರಿಕೆಯಲ್ಲಿ ಬಂತು. ಇಪ್ಪತ್ತು ಮಂದಿಯೂ ಒಂದೇ ಮನಸ್ಸಿನಿಂದ ಅದನ್ನು ಸುಳ್ಳೆಂದು ಬರೆದರು. ಇಪ್ಪತ್ತು ನಮೂನೆಗಳೂ ‘ವಿಚಾರಿಸಲಾಗಿ ಸದರಿ ಸುದ್ದಿಯು ನಿಜವೆಂದು ತಿಳಿದುಬಂದಿದೆ’ ಎಂಬ ಷರಾದೊಂದಿಗೆ ವಾಪಸು ಬಂದವು. ಆ ಮೇಲೆ ಮಂಡಳಿಯ ಧೈರ್ಯ ಉಡುಗಿತು. ಮಂಗಳ ಗ್ರಹದಲ್ಲಿ ಕಾಲುವೆ ತೋಡಿದ್ದಾರೆಂದರೂ ಹುಡುಗರು ಹೌದೆಂದು ತಲೆಯಾಡಿಸತೊಡಗಿದರು. ಜೂನ್ ಬಂತು, ಕಳಿಸಲು ಒಂದು ಸುಳ್ಳೂ ಇರಲಿಲ್ಲ. ಗುರಿ ಮುಟ್ಟದ ಮಂಡಳಿಗಳ ಹೆಸರನ್ನು ಕಚೇರಿಯ ಹಲಗೆಯ ಮೇಲೆ ಬರೆಯಲಾಗುವುದೆಂದು ಎಚ್ಚರಿಕೆ ಬಂತು.

ಪರಮೇಶ್ವರಪ್ಪನವರು ಪರಿಮಳಾಳನ್ನು ಅಂಗಡಿಗೆ ಕರೆಸಿದರು.

“ಹೊರಗಿಂದ ಬರೂ ಸುಳ್ಳು ಸಾಲವಲ್ದು ಅಂದ್ರ ನಾವ ಬೆಳಕೋಬೇಕಾಗ್ತೈತಿ,” ಎಂದರು.

“ಸುಳ್ಳ ಸುದ್ದಿ ನಾವ ಬರದ್ರ ತಪ್ಪಲ್ಲೇನ್ರಿ ಸಾವಕಾರ್ರ?”

“ಮಂದಿಗೆ ಹರಡಿದ್ರ ತಪ್ಪು. ಹುಡುಗರ ಅಭ್ಯಾಸಕ್ಕ ಬರದ್ರ ಅದು ಪಾಠ.”

ಅದೇ ಸಂಜೆ ಹನ್ನೊಂದನೆಯ ನಂಬರಿನ ಠರಾವು ಪಾಸಾಯಿತು. ಅದರ ಪ್ರಕಾರ ಮಂಡಳಿಯು ಒಂದು ಕೈಬರಹದ ಪತ್ರಿಕೆ ಹೊರಡಿಸತಕ್ಕದ್ದು; ಪ್ರತಿ ಸಂಚಿಕೆಯಲ್ಲಿ ಐದು ಸುದ್ದಿಗಳಿರತಕ್ಕದ್ದು; ಅವುಗಳಲ್ಲಿ ನಾಲ್ಕು ನಿಜವೂ ಒಂದು ಸುಳ್ಳೂ ಆಗಿರತಕ್ಕದ್ದು; ಸದರಿ ಸುಳ್ಳು ಅತ್ಯಂತ ಮಂದಬುದ್ಧಿಯ ಸದಸ್ಯನಿಗೂ ಕೈಗೆಟುಕುವಷ್ಟು ಸುಳ್ಳಾಗಿರತಕ್ಕದ್ದು.

ಪರಿಮಳಾ ಹಾಳೆ, ದೌತಿ ಹಿಡಿದುಕೊಂಡು ಕೆರೆಯ ಏರಿಯ ಮೇಲೆ ಹೋಗಿ ಕೂತಳು. ನಾಲ್ಕು ನಿಜ ಬೇಗ ಬಂದವು: ದನಗಳಿಗೆ ಚುಚ್ಚುಮದ್ದು, ಶಾಲೆಯ ಹಂಚು, ಅಂಥವು. ಸುಳ್ಳು ಬರಲಿಲ್ಲ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಮುಂದೆ ಮುತ್ತಲಕೊಪ್ಪದ ಕೆರೆ ಇತ್ತು. ಹೆಸರಿಗೆ ದೊಡ್ಡ ಕೆರೆ; ಅಗಲವೇನೋ ಅರ್ಧ ಮೈಲು, ಆಳ ಮಾತ್ರ ನಡುವಿನಲ್ಲಿ ನಿಂತ ಎಮ್ಮೆಗಳ ಬೆನ್ನು ಒದ್ದೆಯಾಗದಷ್ಟು. ಎಮ್ಮೆಗಳನ್ನು ನೋಡುತ್ತ ನೋಡುತ್ತ ಅವಳಿಗೆ ಶಾಲೆಯ ಪಾಠದಲ್ಲಿದ್ದ ಕಾರವಾರ ಬಂದರದ ಉಗಿಹಡಗು ನೆನಪಾಯಿತು. ಘಟ್ಟದ ಕೆಳಗಿನವರು ಅದನ್ನು ಆಗಬೋಟು ಎನ್ನುತ್ತಾರೆ. ನಕ್ಕು ಬರೆದಳು:

‘ಮುತ್ತಲಕೊಪ್ಪದ ಕೆರೆಯಲ್ಲಿ ಆಗಬೋಟು ಸಂಚಾರ ಪ್ರಾರಂಭ. ಈ ದಂಡೆಯಿಂದ ಆಚೆ ದಂಡೆಯ ಬನವಾಸಿ ರಸ್ತೆಯವರೆಗೆ ದಿನಂಪ್ರತಿ ಪ್ರಯಾಣ. ಮೆತ್ತನೆಯ ಆಸನಗಳಿವೆ.’

ಮಂಡಳಿಯ ಇಪ್ಪತ್ತೂ ಸದಸ್ಯರು ಕಣ್ಣು ಮಿಟುಕಿಸುವಷ್ಟರಲ್ಲಿ ಸುಳ್ಳನ್ನು ಹಿಡಿದರು. ಎಲ್ಲರಿಗಿಂತ ಚುರುಕಾದ ಚೌಡ ಎಂಬ ರೈತರ ಹುಡುಗ ‘ಬೋಟು ಎಲ್ಲಿ ನಿಲ್ಲಬೇಕು, ಅಲ್ಲಿ ನಮ್ಮ ಎಮ್ಮೆ ನಿಂತಿದೆ’ ಎಂದು ಕಾರಣವನ್ನೂ ಬರೆದ. ಗುರಿ ನೂರಕ್ಕೆ ನೂರು ಮುಟ್ಟಿತು. ಪರಿಮಳಾ ವರದಿ ಬರೆದು, ಪತ್ರಿಕೆಯನ್ನು ಅಡಕವಾಗಿ ಟಾಚಣಿ ಚುಚ್ಚಿ ಶಿರಸಿಗೆ ಕಳಿಸಿದಳು.

ಶಿರಸಿಯಲ್ಲಿ ಟಾಚಣಿ ಬಿಚ್ಚಿಕೊಂಡಿತು. ವರದಿ ಶಿಕ್ಷಣ ಶಾಖೆಗೆ ಹೋಗಿ ಫೈಲು ಸೇರಿತು. ಒಂಟಿಯಾಗಿ ಉಳಿದ ಹಾಳೆಯಲ್ಲಿ ಆಗಬೋಟು ಎಂಬ ಶಬ್ದ ಕಂಡು ಕಚೇರಿಯ ಸಿಪಾಯಿ ಅದನ್ನು ಜಲಮಾರ್ಗ ಶಾಖೆಗೆ ಒಯ್ದ.

ಜಲಮಾರ್ಗ ಶಾಖೆಯೆಂದರೆ ಶಾನಭಾಗರು. ಮುಂಬಯಿ ಸರಕಾರದ ಕಾಲದಲ್ಲಿ ಅವರು ಕರಾವಳಿಯ ಒಂದು ಬಂದರಿನಲ್ಲಿ ಕಾರಕೂನರಾಗಿದ್ದರು. ಐವತ್ತಾರರಲ್ಲಿ ರಾಜ್ಯ ಬದಲಾದಾಗ ನೌಕರರ ಯಾದಿಯಲ್ಲಿ ಒಂದು ಸಾಲು ಮೇಲೆ ಕೆಳಗಾಗಿ ಶಾನಭಾಗರು ಮೇಜು, ಕುರ್ಚಿ, ಮೊಹರುಗಳ ಸಮೇತ ಘಟ್ಟ ಹತ್ತಿ ಶಿರಸಿಗೆ ಬಂದರು. ಅವರೊಂದಿಗೆ ನೀರು ಬರಲಿಲ್ಲ. ಎರಡು ಸಲ ವರ್ಗಾವಣೆ ಕೇಳಿದರು. ಶಿರಸಿಯಲ್ಲಿ ಜಲಮಾರ್ಗವಿಲ್ಲದ ಕಾರಣ ಜಲಮಾರ್ಗದ ಹುದ್ದೆ ಇರಲಾರದು, ಇಲ್ಲದ ಹುದ್ದೆಯಿಂದ ವರ್ಗ ಮಾಡಲು ಬರುವುದಿಲ್ಲ ಎಂಬ ಉತ್ತರ ಬಂತು. ಅಂದಿನಿಂದ ಅವರು ಹನ್ನೊಂದಕ್ಕೆ ಬಂದು, ಮೊಹರನ್ನು ಒರೆಸಿ, ಐದೂವರೆಗೆ ಹೋಗುತ್ತಿದ್ದರು. ಐದು ವರ್ಷಗಳಲ್ಲಿ ಅವರ ಮೇಜಿಗೆ ಬಂದ ಮೊದಲನೆಯ ಕಾಗದ ಪರಿಮಳಾಳದು.

ಹದಿನೈದು ದಿನಗಳಲ್ಲಿ ಮುತ್ತಲಕೊಪ್ಪಕ್ಕೆ ಪತ್ರ ಮುಟ್ಟಿತು. ‘ತಮ್ಮ ಕೆರೆಯಲ್ಲಿ ಪರವಾನಗಿಯಿಲ್ಲದೆ ಆಗಬೋಟು ನಡೆಸುತ್ತಿರುವುದು ಗಮನಕ್ಕೆ ಬಂದಿದೆ. ಕೂಡಲೇ ವಿವರಣೆ ಸಲ್ಲಿಸುವುದು.’

“ಅದು ಅಭ್ಯಾಸದ ಸುಳ್ಳು ಅಂತ ಬರದ ಬಿಡೂಣ್ರಿ,” ಎಂದಳು ಪರಿಮಳಾ.

ಪರಮೇಶ್ವರಪ್ಪನವರು ಕೈಪಿಡಿ ತೆರೆದು ಏಳನೆಯ ಕಲಮಿನ ಮೇಲೆ ಬೆರಳಿಟ್ಟರು. ಯಾವುದೇ ಕಾರಣದಿಂದ ಸುಳ್ಳು ಸುದ್ದಿ ಪ್ರಕಟಿಸಿದ ಮಂಡಳಿಯನ್ನು ರದ್ದುಗೊಳಿಸತಕ್ಕದ್ದು.

“ಮಂಡಳಿ ರದ್ದಾದ್ರ ನಿನ್ನ ಶಿಫಾರಸ ಯಾರ ಮಾಡ್ತಾರವ್ವಾ? ಸುಳ್ಳೂ ಬರಿಯೂದ ಬ್ಯಾಡ, ಸುಳ್ಳಂತನೂ ಬರಿಯೂದ ಬ್ಯಾಡ. ನಾ ಹೇಳ್ತೀನಿ, ನೀ ಬರಕೋ.”

ಅವರು ಹೇಳಿದರು, ಅವಳು ಬರೆದಳು. ‘ಸದರಿ ಆಗಬೋಟಿನಿಂದ ಇಂದಿನವರೆಗೆ ಯಾವುದೇ ಅಪಘಾತ ಸಂಭವಿಸಿರುವುದಿಲ್ಲ. ಪ್ರಯಾಣಿಕರಿಂದ ಒಂದು ದೂರೂ ಬಂದಿರುವುದಿಲ್ಲ. ಕಲ್ಲಿದ್ದಲು ಪೋಲಾಗಿರುವುದಿಲ್ಲ. ನಿಗದಿಗಿಂತ ಹೆಚ್ಚು ಜನರನ್ನು ಹತ್ತಿಸಿದ ಉದಾಹರಣೆ ಇರುವುದಿಲ್ಲ.’ ಬರೆದು ಮುಗಿಸಿ ಪರಿಮಳಾ ಮತ್ತೊಮ್ಮೆ ಓದಿದಳು. ಸುಳ್ಳು ಪತ್ತೆಹಚ್ಚುವುದರಲ್ಲಿ ಪಳಗಿದ ಕಣ್ಣಿಗೆ ಒಂದು ವಾಕ್ಯವೂ ಸಿಗಲಿಲ್ಲ. ಎಲ್ಲವೂ ನಿಜವಾಗಿತ್ತು.

ಇಷ್ಟು ನಿರ್ದೋಷವಾದ ಬೋಟನ್ನು ಶಾನಭಾಗರು ತಮ್ಮ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ. ಅವರು ಪರವಾನಗಿ ಮಂಜೂರು ಮಾಡಿ, ಕೆಂಪು ಅರಗಿನ ಮೊಹರೊತ್ತಿ ಕಳಿಸಿದರು.

ಮೊಹರು ಬಂದದ್ದರಿಂದ ಮಂಡಳಿಯಲ್ಲಿ ಒಂದು ಶೈಕ್ಷಣಿಕ ಸಮಸ್ಯೆ ಎದ್ದಿತು. ಕೈಪಿಡಿಯ ಮೂರನೆಯ ಪಾಠದಲ್ಲಿ ‘ಸುದ್ದಿಯ ಮೂಲವನ್ನು ನೋಡು, ಸರಕಾರಿ ಮೊಹರಿದ್ದಲ್ಲಿ ನಿಜವೆಂದು ತಿಳಿ’ ಎಂದಿತ್ತು. ಪರಿಮಳಾ ತಾನೇ ಅದನ್ನು ಮೂರು ಸಲ ಕಲಿಸಿದ್ದಳು. ಈಗ ಆಗಬೋಟು ನಿಜವಾದ ಮೇಲೆ ಅದನ್ನು ಸುಳ್ಳೆಂದ ಇಪ್ಪತ್ತು ಉತ್ತರಗಳೂ ತಪ್ಪಾದವು. ಚೌಡ ತಾನಾಗಿಯೇ ಎದ್ದು ನಿಂತು, “ನಂದು ತಪ್ಪಾಗೇತಿ ಅಕ್ಕಾರ. ಎಮ್ಮಿ ನೋಡಿ ಬರದೆ, ಮೊಹರು ನೋಡ್ಲಿಲ್ಲ,” ಎಂದು ಒಪ್ಪಿಕೊಂಡ. ಅವಳು ಇಪ್ಪತ್ತು ನಮೂನೆಗಳ ಮೇಲೂ ಕೆಂಪು ಶಾಯಿಯ ಗೀಟು ಎಳೆದಳು.

ಊರಿಗೆ ಮಾತ್ರ ಒಳ್ಳೆಯ ದಿನಗಳು ಬಂದಂತೆ ಕಂಡವು. ಬೋಟು ನಿಲ್ಲಲು ದಂಡೆಯಲ್ಲಿ ಧಕ್ಕೆಯ ಕಟ್ಟೆ ಬೇಕೆಂದು ಹಣ ಮಂಜೂರಾಯಿತು. ಗುತ್ತಿಗೆ ಪರಮೇಶ್ವರಪ್ಪನವರ ಹೆಂಡತಿಯ ತಮ್ಮನಿಗೆ ಸಿಕ್ಕಿತು. ಆತ ನಾಲ್ಕು ಕಲ್ಲು ಜೋಡಿಸಿ ಮೇಲೆ ಎರಡು ಹಲಗೆ ಹಾಸಿದ. ಅದರ ಮೇಲೆ ಹೆಂಗಸರು ಅರಿವೆ ಒಗೆಯತೊಡಗಿದರು. ಹಿಂದೆಂದೂ ಅಷ್ಟು ಅನುಕೂಲವಿರಲಿಲ್ಲವೆಂದು ಎಲ್ಲರೂ ಹೊಗಳಿದರು.

ದಸರೆಯ ಮರುವಾರ ಬಸ್ಸು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಬಸ್ಸಿನ ಮಾಲೀಕರು ಮುತ್ತಲಕೊಪ್ಪದ ಕೆಸರು ಹಾದಿಯನ್ನು ಕಂಡು ಹತ್ತು ವರ್ಷ ಗೊಣಗಿದವರು. ಅವರಿಗೆ ಈಗ ಕಾರಣ ಸಿಕ್ಕಿತ್ತು. ‘ಸದರಿ ಗ್ರಾಮಕ್ಕೆ ಮೆತ್ತನೆಯ ಆಸನಗಳುಳ್ಳ ಜಲಸಾರಿಗೆ ಲಭ್ಯವಿರುವುದರಿಂದ ಬಸ್ಸು ಇನ್ನು ಮುಂದೆ ಬನವಾಸಿ ರಸ್ತೆಯಲ್ಲಿಯೇ ನೇರ ಹೋಗತಕ್ಕದ್ದು’ ಎಂಬ ಅಪ್ಪಣೆ ಪಡೆದಿದ್ದರು.

ಆ ಸಂತೆಯ ದಿನ ಮುರಿಗೆವ್ವ ಬದನೆಯ ಬುಟ್ಟಿ ಹೊತ್ತು ಕೆರೆ ಸುತ್ತಿಕೊಂಡು ಎರಡೂವರೆ ಮೈಲು ನಡೆದು ಬನವಾಸಿ ರಸ್ತೆ ಸೇರಿದಳು. ಸಂಜೆ ಹಾಗೆಯೇ ನಡೆದು ಬಂದು ಪಡಸಾಲೆಯಲ್ಲಿ ಕಾಲು ಚಾಚಿ ಕೂತಳು. ಮೊಣಕಾಲು ಬಾತಿತ್ತು. ಪರಿಮಳಾ ಬಿಸಿ ಉಪ್ಪಿನ ಗಂಟು ಒತ್ತುತ್ತ ತಲೆ ತಗ್ಗಿಸಿಕೊಂಡಿದ್ದಳು.

“ಆ ಬೋಟ ಬರದಾಕಿ ನೀನ ಅಲ್ಲೇನು?” ಎಂದಳು ತಾಯಿ. ಬೈಗುಳದ ದನಿಯಲ್ಲ, ಸುಮ್ಮನೆ ಕೇಳಿದಂತೆ.

“ಹೂಂನವ್ವ.”

“ಬರಿಯೂದ ಬರದಿ, ಬೋಟಿನ ಬದಲಿ ಬಸ್ಸ ಅಂತ ಬರದಿದ್ರ ಆಗ್ತಿತ್ತು.”

ಪರಿಮಳಾಳಿಗೆ ಅಂದು ನಿಶ್ಚಯವಾಯಿತು: ತಾನು ಬರೆದದ್ದನ್ನು ತಾನೇ ಅಳಿಸಬೇಕು. ಶಿಫಾರಸು ಹೋದರೆ ಹೋಗಲಿ. ಎರಡನೆಯ ಸಂಚಿಕೆ ಹೇಗೂ ಬಾಕಿ ಇತ್ತು. ನಾಲ್ಕು ನಿಜಗಳ ಪೈಕಿ ಮೊದಲನೆಯದಾಗಿ, ದಪ್ಪ ಅಕ್ಷರದಲ್ಲಿ, ‘ನಮ್ಮ ಕೆರೆಯಲ್ಲಿ ಆಗಬೋಟು ಇರುವುದಿಲ್ಲ, ಎಂದೂ ಇರಲಿಲ್ಲ’ ಎಂದು ಬರೆದಳು. ನಿಯಮದ ಪ್ರಕಾರ ಒಂದು ಸುಳ್ಳೂ ಬೇಕಲ್ಲ. ‘ಪಂಚಾಯತಿಯ ಮುಂದಿನ ಹುಣಸೆಮರದಲ್ಲಿ ಹಲಸಿನಕಾಯಿ ಬಿಟ್ಟಿದೆ’ ಎಂದು ಸೇರಿಸಿದಳು. ಹುಣಸೆಮರ ಸದಸ್ಯರು ಕೂತಲ್ಲಿಂದಲೇ ಕಾಣುತ್ತಿತ್ತು.

ಇಪ್ಪತ್ತು ಮಂದಿಯೂ ಉತ್ತರ ಬರೆದರು. ಇಪ್ಪತ್ತೂ ಉತ್ತರ ಒಂದೇ: ಆಗಬೋಟು ಇಲ್ಲವೆಂಬುದು ಸುಳ್ಳು ಸುದ್ದಿ.

“ಚೌಡಾ, ಹುಣಸಿಮರದಾಗ ಹಲಸು ಬಿಡ್ತೈತೇನು? ತಲಿ ಎತ್ತಿ ನೋಡು.”

ಚೌಡ ತಲೆಯೆತ್ತಿ ನೋಡಿದ. “ಕಾಣವಲ್ದರಿ. ಆದ್ರ ಹಲಸಿನ ಬಗ್ಗೆ ಮ್ಯಾಲಿಂದ ಏನೂ ಕಾಗದ ಬಂದಿಲ್ಲ. ಅದನ್ನ ಪರಿಶೀಲನೆಯಾಗ ಇಟ್ಟೇವಿ. ಬೋಟಿಂದು ಮೊಹರು ಐತಲ್ರಿ. ಸುಳ್ಳು ಒಂದ ಇರಬೇಕು ಅಂತ ನೀವ ಹೇಳೀರಿ.”

ಅವನು ಕಲಿತದ್ದನ್ನು ಒಂದಕ್ಷರ ತಪ್ಪದೆ ಹೇಳಿದ್ದ. ಪರಮೇಶ್ವರಪ್ಪನವರಂತೂ ಬಹಳ ಸಂತೋಷಪಟ್ಟರು. ಸರಕಾರದ ವಿರುದ್ಧದ ಗಾಳಿಸುದ್ದಿಯನ್ನು ಇಪ್ಪತ್ತು ತರುಣರು ಒಗ್ಗಟ್ಟಿನಿಂದ ಬಯಲಿಗೆಳೆದರೆಂದು ವರದಿ ಹೋಯಿತು. ತಾಲೂಕಿನ ಉತ್ತಮ ಮಂಡಳಿಯೆಂದು ಮುತ್ತಲಕೊಪ್ಪಕ್ಕೆ ಪ್ರಶಸ್ತಿಪತ್ರ ಬಂತು. ಅದನ್ನು ಕೊಡಲು, ಹಾಗೆಯೇ ಬೋಟಿನ ತಪಾಸಣೆ ಮಾಡಲು, ಶಾನಭಾಗರು ಸ್ವತಃ ಬರುತ್ತಾರೆಂದು ತಿಳಿಯಿತು.

ಒಂದು ಗುರುವಾರ ಶಾನಭಾಗರು ಬನವಾಸಿ ರಸ್ತೆಯಲ್ಲಿ ಬಸ್ಸಿಳಿದು, ಪಂಚೆ ಎತ್ತಿ ಕಟ್ಟಿ, ಕೆರೆ ಸುತ್ತಿಕೊಂಡು ನಡೆದು ಬಂದರು. ಪ್ರಶಸ್ತಿಪತ್ರ ಕೊಟ್ಟು, ಉಪ್ಪಿಟ್ಟು ತಿಂದು, ಧಕ್ಕೆಯ ಮೇಲೆ ಬಂದು ನಿಂತರು. ಒಗೆಯುತ್ತಿದ್ದ ಹೆಂಗಸರು ಜಾಗ ಕೊಟ್ಟರು. ಪರಮೇಶ್ವರಪ್ಪನವರು ಏನೋ ಹೇಳಲು ಬಾಯಿ ತೆರೆಯುವುದರೊಳಗೆ ಪರಿಮಳಾ ಮುಂದೆ ಬಂದಳು.

“ಸಾಹೇಬರ, ಆಗಬೋಟ ಇಲ್ರಿ.”

“ಈಗ ಇಲ್ಲ. ಅದು ನನಗೂ ಕಾಣ್ತದೆ,” ಎಂದರು ಶಾನಭಾಗರು. “ಎಷ್ಟೊತ್ತಿಗೆ ಬರ್ತದೆ?”

“ಬರೂದ ಇಲ್ರಿ.”

ಶಾನಭಾಗರು ಜೇಬಿನಿಂದ ಡೈರಿ ತೆಗೆದು ‘ಗುರುವಾರ ರಜೆ’ ಎಂದು ಬರೆದುಕೊಂಡರು.

“ಹಂಗಲ್ರಿ. ಆ ಸುದ್ದಿ ನಾ ಬರದದ್ದು. ಹುಡುಗರ ಅಭ್ಯಾಸಕ್ಕ ಬರದ ಸುಳ್ಳು. ಅದರಿಂದ ಬಸ್ಸ ನಿಂತೈತಿ. ನಡದು ನಡದು ನಮ್ಮವ್ವನ ಮೊಣಕಾಲ ಬಾತಾವು. ನೀವೂ ಈಗ ನಡಕೋತನ ಬಂದ್ರಿ.”

ಪರಮೇಶ್ವರಪ್ಪನವರು ಕೆಮ್ಮಿದರು. ಶಾನಭಾಗರು ಅವರನ್ನು ಚಹಾ ತರಿಸಲು ಕಳಿಸಿಕೊಟ್ಟರು. ಆಮೇಲೆ ನೀರಿನ ಕಡೆ ತಿರುಗಿದರು. ನಡುಗೆರೆಯಲ್ಲಿ ಎಮ್ಮೆಗಳು ನಿಂತಿದ್ದವು.

“ಐದು ವರ್ಷ ನನ್ನ ಮೇಜಿಗೆ ಒಂದು ಕಾಗದ ಬರ್ಲಿಲ್ಲ, ತಂಗಿ,” ಎಂದರು ಮೆಲ್ಲಗೆ. “ಮನೇಲಿ ಹೆಂಡತಿ ಇವತ್ತು ಕಚೇರೀಲಿ ಎಂತ ಕೆಲಸ ಇತ್ತು ಅಂತ ಕೇಳಿದ್ರೆ ಸಾಕು, ಎದ್ದು ಹಿತ್ತಿಲಿಗೆ ಹೋಗ್ತಿದ್ದೆ. ಈಗ ನನ್ನ ಕೈಕೆಳಗೆ ಇಬ್ಬರು ಕಾರಕೂನರಿದ್ದಾರೆ. ಬೋಟು ಇಲ್ಲ ಅಂದ್ರೆ ಮೂರು ಸಂಸಾರ ಬೀದಿಗೆ.”

“ಮತ್ತ ಬಸ್ಸು?”

“ಬೋಟು ರದ್ದಾದ್ರೆ ಬಸ್ಸು ಬರ್ತದೆ. ರದ್ದು ಮಾಡ್ಲಿಕ್ಕೆ ಅದು ಕೆಟ್ಟಿದೆ ಅಂತ ತಪಾಸಣಾ ವರದಿ ಬೇಕು. ಕೆಟ್ಟ ಬೋಟನ್ನ ಹಾಜರುಪಡಿಸದೆ ವರದಿ ಮಾಡ್ಲಿಕ್ಕೆ ಬರೂದಿಲ್ಲ.” ಡೈರಿಯನ್ನು ಜೇಬಿಗೆ ಸೇರಿಸಿ, “ಇಲ್ಲಿ ಪ್ರಯಾಣದ ಚೀಟಿ ಕೊಡ್ಲಿಕ್ಕೆ ಒಂದು ಹುದ್ದೆ ಮಂಜೂರಾಗಿದೆ. ಖಾಯಂ. ಮುಲ್ಕಿ ಆದವರು ಬೇಕು,” ಎಂದರು.

“ಇಲ್ಲದ ಬೋಟಿಗೆ ಖಾಯಂ ಹುದ್ದೆ ಹೆಂಗ ಆಗ್ತೈತ್ರಿ?”

“ಬೋಟಿನ ವಿಷಯ ಬೇರೆ. ಹುದ್ದೆ ಇದೆ.”

ಪರಿಮಳಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಮುರಿಗೆವ್ವನೇ ಮಾತು ತೆಗೆದಳು. “ನೀ ಒಲ್ಲೆ ಅಂದ್ರ ಬಸ್ಸ ಬರ್ತೈತೇನು?”

“ಇಲ್ಲವ್ವ. ಸಾವಕಾರ್ರ ಅಳಿಯಗ ಆ ನೌಕರಿ ಹೋಗ್ತೈತಿ.”

“ಧಾರವಾಡದ ಶಿಫಾರಸು?”

“ಅದರ ಬಗ್ಗೆ ಕಾಗದಿಲ್ಲ.”

ಮುರಿಗೆವ್ವ ಮೊಣಕಾಲನ್ನು ತಿಕ್ಕಿಕೊಳ್ಳುತ್ತ ಯೋಚನೆ ಮಾಡಿದಳು. “ನಾ ಹ್ಯಾಂಗೂ ನಡೀಬೇಕು. ಚೀಟಿ ನೀನ ಕೊಡು.”

ಡಿಸೆಂಬರ್ ಒಂದನೆಯ ತಾರೀಖಿನಿಂದ ಪರಿಮಳಾ ಧಕ್ಕೆಯ ಮೇಲಿನ ತಗಡಿನ ಗೂಡಿನಲ್ಲಿ ಕೂರತೊಡಗಿದಳು. ಶಿರಸಿಯಿಂದ ಅಚ್ಚಾದ ವೇಳಾಪತ್ರಿಕೆ ಬಂತು: ಹೊರಡುವ ಸಮಯ ಬೆಳಿಗ್ಗೆ ಒಂಬತ್ತು. ಆಚೆ ದಂಡೆಗೆ ಹೋಗುವವರು ಚೀಟಿ ಪಡೆದು, ಅದನ್ನು ಜೇಬಿನಲ್ಲೋ ಸೆರಗಿನಲ್ಲೋ ಭದ್ರವಾಗಿಟ್ಟುಕೊಂಡು, ಕೆರೆಯ ಏರಿಯ ಮೇಲೆ ನಡೆದು ಹೋಗುವುದೆಂದು ರೂಢಿಯಾಯಿತು. ಚೀಟಿ ಇಲ್ಲದೆ ನಡೆದ ಒಂದಿಬ್ಬರಿಗೆ ಊರವರೇ ಛೀಮಾರಿ ಹಾಕಿದರು. ಬುಟ್ಟಿ, ಚೀಲ ಇದ್ದವರಿಗೆ ಬೇರೆ ಬಣ್ಣದ ಚೀಟಿ. ಚಿಕ್ಕ ಮಕ್ಕಳಿಗೆ ಅರ್ಧ ಚೀಟಿ. ಆ ಮಕ್ಕಳನ್ನು ತಾಯಂದಿರು ಎತ್ತಿಕೊಂಡು ನಡೆಯುತ್ತಿದ್ದರು. ಮೊದಮೊದಲು ಪರಿಮಳಾ ಚೀಟಿ ಹರಿದು ಕೊಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ನೋಡತೊಡಗಿದಳು. ಯಾರೂ ನಗುತ್ತಿರಲಿಲ್ಲ.

ಮಾಘದ ಒಂದು ಸಂತೆಯ ದಿನ ಮುರಿಗೆವ್ವ ಬುಟ್ಟಿ ಹೊತ್ತು ಬೇಗನೆ ಬಂದಳು. ಚೀಟಿ ತೆಗೆದುಕೊಂಡು, “ಗಂಟೆ ಎಷ್ಟಾತು?” ಎಂದು ಕೇಳಿದಳು.

“ಎಂಟೂಮುಕ್ಕಾಲು.”

“ಹಂಗಾದ್ರ ಇನ್ನೂ ಹೊತ್ತೈತಿ,” ಎಂದು ಬುಟ್ಟಿ ಇಳಿಸಿ ಧಕ್ಕೆಯ ಮೇಲೆ ಕೂತಳು. ಆಗಲೇ ಏಳೆಂಟು ಮಂದಿ ನೀರಿನ ಕಡೆ ಮುಖ ಮಾಡಿ ಕೂತಿದ್ದರು. ಹೊತ್ತಿಗೆ ಮುಂಚೆ ಯಾರೂ ಹೊರಡುತ್ತಿರಲಿಲ್ಲ. ಒಂಬತ್ತಕ್ಕೆ ಪರಿಮಳಾ ಗಂಟೆ ಬಾರಿಸಿದಳು. ಎಲ್ಲರೂ ಎದ್ದು, ಸಾಮಾನು ಹೊತ್ತು, ಸಾಲಾಗಿ ಏರಿ ಹತ್ತಿ ನಡೆದರು.

ಒಂಬತ್ತು ಹೊಡೆದು ಐದು ನಿಮಿಷಕ್ಕೆ ಚೌಡ ಓಡುತ್ತ ಬಂದ. ಹೆಗಲ ಮೇಲೆ ಮೆಣಸಿನಕಾಯಿಯ ಚೀಲವಿತ್ತು.

“ಹೋತೇನ್ರಿ ಅಕ್ಕಾರ?”

ಏರಿಯ ಮೇಲೆ ಪ್ರಯಾಣಿಕರ ಸಾಲು ಇನ್ನೂ ಕಾಣುತ್ತಿತ್ತು. ಎಲ್ಲರಿಗಿಂತ ಹಿಂದೆ ಮುರಿಗೆವ್ವ ಕುಂಟುತ್ತ ಹೋಗುತ್ತಿದ್ದಳು. ಕೂಗಿದರೆ ಕೇಳುವಷ್ಟೇ ದೂರ. ಪರಿಮಳಾ ಆ ಕಡೆ ನೋಡಿದಳು, ಆಮೇಲೆ ನೀರಿನ ಕಡೆ ನೋಡಿದಳು.

“ಹೋತಪಾ, ಈಗ,” ಎಂದಳು.

ಚೌಡ ಚೀಲ ಇಳಿಸಿ, ಹಣೆಯ ಬೆವರು ಒರೆಸಿಕೊಂಡ. “ಐದ ನಿಮಿಷದಾಗ ತಪ್ಪಿತು ನೋಡ್ರಿ. ನಾಳೆ ಲಗೂನ ಬರ್ತೀನಿ,” ಎಂದು ಚೀಲವನ್ನು ಮತ್ತೆ ಹೆಗಲಿಗೇರಿಸಿ ಮನೆಗೆ ಹೋದ.